ಪಿಕಪ್ ವಾಹನದಲ್ಲಿ ಎಂಜಿನ್ ಆಯಿಲ್‌ನ ಅತಿ ಖರ್ಚು: ಕಾರಣ, ಪರೀಕ್ಷೆ ಮತ್ತು ಲೆಕ್ಕಾಚಾರ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ವ್ಯಾಪಾರವು ಇಂದು ಬಹುಮಟ್ಟಿಗೆ ಪಿಕಪ್ ವಾಹನಗಳ ಮೇಲೆ ನಿಂತಿದೆ. ತೋಟದ ಮನೆಯ ಅಂಗಳದಿಂದ ಮಂಡಿಗೆ ಅಡಿಕೆ, ಗದ್ದೆಯಿಂದ ಗಿರಣಿಗೆ ಭತ್ತ, ಪೇಟೆಯಿಂದ ಹಳ್ಳಿಗೆ ಗೊಬ್ಬರ, ಸಿಮೆಂಟು, ದಿನಸಿ, ಕರಾವಳಿಯಿಂದ ಘಟ್ಟದ ಮೇಲಕ್ಕೆ ಮೀನು, ಉಪ್ಪು: ಇವೆಲ್ಲವೂ ಸಾಗುವುದು ಈ ಸಣ್ಣ ವಾಹನಗಳಲ್ಲಿಯೇ. ದೊಡ್ಡ ಲಾರಿ ಹೋಗಲಾರದ ತೋಟದ ರಸ್ತೆಗೆ ಪಿಕಪ್ ಹೋಗುತ್ತದೆ. ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಬಿದ್ದಾಗ ಹೊರೆಯೆಲ್ಲ ಇವುಗಳ ಬೆನ್ನಿಗೇ ಬರುತ್ತದೆ. ಆದರೂ ನಮ್ಮ ಸದಸ್ಯರಲ್ಲಿ ಅನೇಕರು ಡೀಸೆಲ್ ಲೆಕ್ಕವನ್ನು ಪೈಸೆಯವರೆಗೆ ಇಡುತ್ತಾರೆಯೇ ವಿನಾ ಎಂಜಿನ್ ಆಯಿಲ್‌ನ ಲೆಕ್ಕವನ್ನು ಪ್ರತ್ಯೇಕವಾಗಿ ಇಡುವುದಿಲ್ಲ. ‘ವಾಹನ ದುರಸ್ತಿ’ ಎಂಬ ಒಂದೇ ಖಾತೆಯಲ್ಲಿ ಅದು ಕರಗಿಹೋಗುತ್ತದೆ.

ಈ ಲೇಖಕನು ಮೆಕ್ಯಾನಿಕ್ ಅಲ್ಲ, ಲೆಕ್ಕ ಪರಿಶೋಧಕ. ಆದರೆ ಮೂವತ್ತು ವರ್ಷಗಳ ವೃತ್ತಿಯಲ್ಲಿ ಲೆಕ್ಕದ ಪುಸ್ತಕವೇ ಎಂಜಿನ್‌ನ ರೋಗವನ್ನು ಮೊದಲು ತಿಳಿಸಿದ ಸಂದರ್ಭಗಳನ್ನು ಕಂಡಿದ್ದೇನೆ. ಅಂತಹ ಒಂದು ಸಂದರ್ಭವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವರಿಸಲು ಪ್ರಯತ್ನಿಸಲಾಗಿದೆ.

ಒಂದು ಪ್ರಕರಣ

ಕೆಲವು ವರ್ಷಗಳ ಹಿಂದೆ ಸಾಗರದ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ವರ್ಷಾಂತ್ಯದ ಲೆಕ್ಕ ತಂದಿದ್ದರು. ಅವರಲ್ಲಿ ಒಂದು ಪಿಕಪ್ ಇತ್ತು, ಅದನ್ನು ಹದಿಮೂರು ವರ್ಷಗಳಿಂದ ಕೆಲಸದಲ್ಲಿದ್ದ ಚಾಲಕನು ಓಡಿಸುತ್ತಿದ್ದನು. ಹಿಂದಿನ ವರ್ಷ ಎರಡು ಸರ್ವಿಸ್‌ಗಳ ನಡುವೆ ಸೇರಿಸಿದ ಆಯಿಲ್ ಒಟ್ಟು 8 ಲೀಟರ್ ಇದ್ದರೆ, ಆ ವರ್ಷ 46 ಲೀಟರ್ ಆಗಿತ್ತು. ವಾಹನ ಓಡಿದ ದೂರ ಎರಡೂ ವರ್ಷ ಸುಮಾರು 36,000 ಕಿ.ಮೀ. ವಾಹನದ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆದ್ದರಿಂದ ಯಜಮಾನರು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. “ಆಯಿಲ್ ಡಬ್ಬ ಎಲ್ಲೋ ಮಾರಾಟವಾಗ್ತಾ ಇದೆ ಸಾರ್. ಎರಡು ತಿಂಗಳ ಸಂಬಳದಲ್ಲಿ ಮುರ್ಕೊಂಡಿದೀನಿ. ದೀಪಾವಳಿ ಕಳೆದ ಮೇಲೆ ಬರೋದು ಬೇಡ ಅಂತ ಹೇಳಿಬಿಡ್ತೇನೆ” ಎಂದರು.

ಆಯಿಲ್ ಖರ್ಚು ಹೆಚ್ಚಿದಾಗ ಬರುವ ಮೊದಲ ಸಂಶಯ ಕಳ್ಳತನದ್ದೇ. ಅದು ಸಂಪೂರ್ಣ ಆಧಾರರಹಿತವೆಂದು ಹೇಳಲಾಗದು. ಆದರೆ ಅಳತೆ ಮಾಡದೆ ಆರೋಪ ಹೊರಿಸುವುದು ವ್ಯಾಪಾರಕ್ಕೂ ನ್ಯಾಯಕ್ಕೂ ಹೊಂದುವುದಿಲ್ಲ. ನೌಕರನ ವೇತನದಿಂದ ನಷ್ಟವನ್ನು ಕಡಿತಗೊಳಿಸುವ ಮೊದಲು ಅವನಿಗೆ ವಿವರಣೆ ನೀಡುವ ಅವಕಾಶ ಕೊಡಬೇಕೆಂಬುದು ವೇತನ ಕಾನೂನಿನ ಮೂಲ ನಿಯಮವೂ ಹೌದು. ಹೀಗಾಗಿ ಮೊದಲು ಅಳೆಯೋಣ, ಆಮೇಲೆ ಮಾತಾಡೋಣ ಎಂದು ಅವರನ್ನು ಒಪ್ಪಿಸಲಾಯಿತು.

ಅಳೆಯುವ ಕ್ರಮ

ಅಳತೆಯ ವಿಧಾನ ಸರಳವಾದುದು. ಯಾವ ಉಪಕರಣವೂ ಬೇಡ, ಅಳತೆಯ ಜಾರ್ ಒಂದಿದ್ದರೆ ಸಾಕು.

1. ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಬೇಕು. ಮಲೆನಾಡಿನ ಅಂಗಳಗಳು ಮತ್ತು ರಸ್ತೆಬದಿಗಳು ಬಹುತೇಕ ಇಳಿಜಾರು. ಅಲ್ಲಿ ಡಿಪ್‌ಸ್ಟಿಕ್ ನೋಡಿದರೆ ಮಟ್ಟ ತಪ್ಪಾಗಿ ಕಾಣುತ್ತದೆ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ನೆಲವೇ ಉತ್ತಮ.

2. ಎಂಜಿನ್ ನಿಲ್ಲಿಸಿದ ಕೂಡಲೆ ನೋಡಬಾರದು. ಮೇಲಿನ ಆಯಿಲ್ ಸಂಪಿಗೆ ಇಳಿಯಲು ಹತ್ತು ನಿಮಿಷವಾದರೂ ಬೇಕು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ನೋಡುವುದು ಒಳ್ಳೆಯದು. ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ ನೋಡತಕ್ಕದ್ದು.

3. ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ, ಡೀಸೆಲ್ ಟ್ಯಾಂಕನ್ನು ಪೂರ್ಣ ತುಂಬಿಸಿ, ಕಿಲೋಮೀಟರ್ ಬರೆದುಕೊಳ್ಳಬೇಕು. ಮಾಲೀಕ ಮತ್ತು ಚಾಲಕ ಇಬ್ಬರೂ ಎದುರಿಗಿದ್ದು ಸಹಿ ಹಾಕುವುದು ಕ್ಷೇಮ.

4. 500 ರಿಂದ 1,000 ಕಿ.ಮೀ. ಎಂದಿನಂತೆ ಓಡಿಸಿ, ಪುನಃ ಅದೇ ಸ್ಥಳದಲ್ಲಿ ಅದೇ ಗುರುತಿನವರೆಗೆ ಜಾರ್‌ನಿಂದ ಅಳೆದು ತುಂಬಬೇಕು. ತುಂಬಿದ್ದೆಷ್ಟೋ ಅದೇ ಖರ್ಚು. ನಡುವೆ ಪ್ರತಿದಿನ ಮಟ್ಟ ನೋಡುತ್ತಿರಬೇಕು. ಕೆಳಗಿನ ಗುರುತಿಗೆ ಬಂದರೆ ಪರೀಕ್ಷೆಗಾಗಿ ಎಂಜಿನ್ ಬಲಿಕೊಡಬಾರದು. ಅಳೆದು ಸೇರಿಸಿ, ಬರೆದಿಡಬೇಕು.

ಈ ಖರ್ಚನ್ನು ಕಿಲೋಮೀಟರಿಗಿಂತ ಡೀಸೆಲ್ಲಿಗೆ ಹೋಲಿಸುವುದು ಹೆಚ್ಚು ಸರಿ. ಬಯಲುಸೀಮೆಯ ನೂರು ಕಿಲೋಮೀಟರಿಗೂ ಹುಲಿಕಲ್ ಘಾಟಿ ಹತ್ತಿಳಿಯುವ ನೂರು ಕಿಲೋಮೀಟರಿಗೂ ಎಂಜಿನ್‌ನ ದುಡಿಮೆ ಒಂದೇ ಅಲ್ಲ. ಆ ದುಡಿಮೆಯ ನಿಜವಾದ ಅಳತೆ ಉರಿದ ಡೀಸೆಲ್. ಸೇರಿಸಿದ ಆಯಿಲ್ಲನ್ನು ಉರಿದ ಡೀಸೆಲ್ಲಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ದೊರೆಯುತ್ತದೆ. ಆರೋಗ್ಯವಂತ ಡೀಸೆಲ್ ಎಂಜಿನ್‌ನಲ್ಲಿ ಇದು ಸಾಮಾನ್ಯವಾಗಿ ಶೇ. 0.1 ರಿಂದ 0.3ರೊಳಗೆ ಇರುತ್ತದೆ. ಶೇ. 0.5 ದಾಟಿದರೆ ಕಾರಣ ಹುಡುಕಬೇಕು. ಶೇ. 1 ದಾಟಿದರೆ ಮುಂದೂಡಬಾರದು. ಹೊಸ ಎಂಜಿನ್‌ಗಳು ಮೊದಲ ಕೆಲವು ಸಾವಿರ ಕಿಲೋಮೀಟರ್‌ಗಳಲ್ಲಿ ಸ್ವಲ್ಪ ಹೆಚ್ಚು ತೆಗೆದುಕೊಳ್ಳುವುದು ಸಹಜ. ತಯಾರಕರ ಕೈಪಿಡಿಯಲ್ಲಿ ಕೊಟ್ಟ ಮಿತಿಯೇ ಅಂತಿಮ.

ಮೇಲಿನ ಪ್ರಕರಣದಲ್ಲಿ 500 ಕಿ.ಮೀ.ಗೆ 42 ಲೀಟರ್ ಡೀಸೆಲ್, 800 ಮಿ.ಲೀ. ಆಯಿಲ್ ಖರ್ಚಾಯಿತು. ಅಂದರೆ ಶೇ. 1.9. ಆಯಿಲ್ ಡಬ್ಬಗಳು ಆ ದಿನಗಳಲ್ಲಿ ಮಾಲೀಕರ ಬೀರುವಿನಲ್ಲಿಯೇ ಇದ್ದವು. ಕುಡಿದದ್ದು ಎಂಜಿನ್, ಚಾಲಕನಲ್ಲ ಎಂಬುದು ಅಲ್ಲಿಗೆ ಸಿದ್ಧವಾಯಿತು.

ಆಯಿಲ್ ಎಲ್ಲಿಗೆ ಹೋಗುತ್ತದೆ?

ಎಂಜಿನ್‌ನಿಂದ ಆಯಿಲ್ ಹೊರಹೋಗಲು ಎರಡೇ ದಾರಿ: ಸೋರುವುದು ಅಥವಾ ಉರಿಯುವುದು. ಅಗ್ಗದ ಕಾರಣಗಳನ್ನು ಮೊದಲು ಪರೀಕ್ಷಿಸಿ, ದುಬಾರಿ ಕಾರಣಕ್ಕೆ ಕೊನೆಯಲ್ಲಿ ಹೋಗುವುದು ವಿವೇಕ.

ಸೋರಿಕೆ: ಟ್ಯಾಪೆಟ್ ಕವರ್ ಪ್ಯಾಕಿಂಗ್, ಸಂಪ್ ಪ್ಯಾಕಿಂಗ್, ಆಯಿಲ್ ಫಿಲ್ಟರ್‌ನ ರಬ್ಬರ್, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್ ಇವು ಸಾಮಾನ್ಯ ಸ್ಥಳಗಳು. ನಿಂತಾಗ ಹನಿಯದ ಎಂಜಿನ್ ಓಡುವಾಗ ಒತ್ತಡದಲ್ಲಿ ಸೋರಬಹುದು, ಮಳೆಗಾಲದಲ್ಲಿ ಕೆಸರು ಅದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಎಂಜಿನ್ ತೊಳೆಸಿ ಒಣಗಿಸಿ, ಒಂದು ಟ್ರಿಪ್ ಓಡಿಸಿ, ಕೆಳಗಿನಿಂದ ನೋಡಬೇಕು.

ವ್ಯಾಕ್ಯೂಮ್ ಪಂಪ್: ಅನೇಕ ಪಿಕಪ್‌ಗಳಲ್ಲಿ ಬ್ರೇಕಿನ ನೆರವಿಗೆ ಇರುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿಗೆ ಜೋಡಣೆಯಾಗಿದ್ದು, ಅದಕ್ಕೆ ಎಂಜಿನ್ ಆಯಿಲ್ಲೇ ಹೋಗುತ್ತದೆ. ಸೀಲ್ ಸವೆದರೆ ಆಯಿಲ್ ಆಲ್ಟರ್ನೇಟರ್ ಒಳಗೆ ಇಳಿಯುತ್ತದೆ. ಬ್ಯಾಟರಿ ಚಾರ್ಜ್ ಆಗದಿರುವುದೂ ಆಯಿಲ್ ಕಡಿಮೆಯಾಗುವುದೂ ಒಟ್ಟಿಗೆ ಕಂಡುಬಂದರೆ ಇಲ್ಲಿ ನೋಡಿರಿ.

ಬ್ರೀದರ್: ಎಂಜಿನ್ ಒಳಗಿನ ಹಬೆ ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಸೀಲುಗಳ ಮೂಲಕ ಆಯಿಲ್ ಹೊರತಳ್ಳಲ್ಪಡುತ್ತದೆ. ಸ್ವಚ್ಛಗೊಳಿಸುವ ವೆಚ್ಚ ಅತ್ಯಲ್ಪ.

ಅತಿಯಾಗಿ ತುಂಬುವುದು: ‘ಸ್ವಲ್ಪ ಹೆಚ್ಚಿಗೆ ಇರಲಿ’ ಎಂದು ಮೇಲಿನ ಗುರುತು ದಾಟಿ ತುಂಬಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ಹೆಚ್ಚಿದ ಭಾಗ ಬ್ರೀದರ್ ಮೂಲಕ ಹೊರಟುಹೋಗುತ್ತದೆ.

ಟರ್ಬೊ: ಟರ್ಬೊದ ಸೀಲ್ ಸವೆದರೆ ಆಯಿಲ್ ಗಾಳಿಯೊಡನೆ ಸಿಲಿಂಡರಿಗೋ ಹೊಗೆಕೊಳವೆಗೋ ಸೇರುತ್ತದೆ. ಟರ್ಬೊದಿಂದ ಮುಂದೆ ಹೋಗುವ ಗಾಳಿಯ ಪೈಪ್ ಬಿಚ್ಚಿದಾಗ ಒಳಗೆ ಆಯಿಲ್ ನಿಂತಿದ್ದರೆ ಇದು ಖಚಿತವಾಗುತ್ತ ಬರುತ್ತದೆ. ತೆಳುವಾದ ಪಸೆ ಮಾತ್ರ ಇದ್ದರೆ ಗಾಬರಿಯಾಗಬೇಕಿಲ್ಲ.

ವಾಲ್ವ್ ಸೀಲ್ ಮತ್ತು ಗೈಡ್: ರಾತ್ರಿಯಿಡೀ ನಿಂತ ವಾಹನ ಬೆಳಿಗ್ಗೆ ಚಾಲೂ ಆದಾಗ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದು ನಿಂತುಹೋದರೆ ಸಂಶಯ ಇಲ್ಲಿ.

ಪಿಸ್ಟನ್ ರಿಂಗ್ ಮತ್ತು ಲೈನರ್: ಹೊರೆ ಹೊತ್ತು ಘಾಟಿ ಹತ್ತುವಾಗ ನಿರಂತರ ನೀಲಿ ಹೊಗೆ, ಎಳೆತ ಕಡಿಮೆ, ಡೀಸೆಲ್ ಖರ್ಚು ಹೆಚ್ಚು. ಎಂಜಿನ್ ಚಾಲೂ ಇರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿದರೆ ಹಬೆ ಬುಸುಗುಟ್ಟುತ್ತದೆ. ಕಂಪ್ರೆಷನ್ ಪರೀಕ್ಷೆಯಿಂದ ಇದನ್ನು ದೃಢಪಡಿಸಿಕೊಳ್ಳದೆ ಎಂಜಿನ್ ಬಿಚ್ಚಲು ಒಪ್ಪಬಾರದು.

ಹೊಗೆಯ ಬಣ್ಣವನ್ನು ಗುರುತಿಸಲು ಕಲಿಯಬೇಕು. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ನಿಲ್ಲದ ಬಿಳಿ ಹೊಗೆ ಎಂದರೆ ಉರಿಯದ ಡೀಸೆಲ್ ಅಥವಾ ಒಳಸೇರಿದ ನೀರು. ಮಾಗಿಯ ಮುಂಜಾನೆ ಒಂದೆರಡು ನಿಮಿಷ ಕಾಣುವ ಬಿಳಿ ಹಬೆ ರೋಗವಲ್ಲ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ಡೀಸೆಲ್ ವಾಹನಗಳ ಮಾಲೀಕರು ಇನ್ನೂ ಎಚ್ಚರದಿಂದಿರಬೇಕು. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ವಾಹನಗಳಲ್ಲಿ ನೀಲಿ ಹೊಗೆ ಹೊರಗೆ ಕಾಣದೇ ಹೋಗಬಹುದು. ಉರಿದ ಆಯಿಲ್‌ನ ಬೂದಿ ಆ ಫಿಲ್ಟರಿನಲ್ಲಿ ಕೂಡಿಕೊಳ್ಳುತ್ತದೆ. ಮಸಿಯನ್ನು ಸುಟ್ಟು ಕಳೆಯಬಹುದು, ಬೂದಿಯನ್ನು ಹಾಗೆ ಕಳೆಯಲಾಗದು. ಮಸಿ ಸುಡುವ ಕ್ರಿಯೆಯಲ್ಲಿ ಸ್ವಲ್ಪ ಡೀಸೆಲ್ ಆಯಿಲ್ಲಿಗೆ ಸೇರಿ ಮಟ್ಟ ಏರುವುದೂ ಉಂಟು. ಆಗ ಖರ್ಚಾದ ಆಯಿಲ್ ಖರ್ಚಾಗಿಲ್ಲವೆಂಬಂತೆ ತೋರುತ್ತದೆ. ಮಟ್ಟ ಏರಿದರೆ ಸಂತೋಷಪಡದೆ ಆಯಿಲ್ ಬದಲಿಸಬೇಕು. ಈ ವಾಹನಗಳಿಗೆ ಕೈಪಿಡಿ ಹೇಳಿದ ಕಡಿಮೆ ಬೂದಿಯ ಆಯಿಲ್ಲನ್ನೇ ಬಳಸಬೇಕು. ಹಳೆಯ ವಾಹನದ ಉಳಿದ ಆಯಿಲ್ ಸುರಿಯಬಾರದು.

ಲೆಕ್ಕದ ಪುಸ್ತಕ ಹೇಳಿದ್ದು

ಪುನಃ ಪ್ರಕರಣಕ್ಕೆ ಬರೋಣ. ಸೋರಿಕೆ ಇಲ್ಲ, ಬ್ರೀದರ್ ಸರಿಯಿದೆ, ಕಂಪ್ರೆಷನ್ ಕಡಿಮೆ. ರಿಂಗ್ ಮತ್ತು ಲೈನರ್ ಸವೆದಿವೆ ಎಂದು ಮೆಕ್ಯಾನಿಕ್ ತಿಳಿಸಿದರು. ಆದರೆ ಅಷ್ಟು ಬೇಗ ಸವೆದದ್ದೇಕೆ? ಇದಕ್ಕೆ ಉತ್ತರ ಗ್ಯಾರೇಜಿನಲ್ಲಿರಲಿಲ್ಲ, ಬಿಲ್ಲಿನ ಕಡತದಲ್ಲಿತ್ತು.

ಆ ವರ್ಷ ಮಾರ್ಚಿಯಿಂದ ಮೇ ತಿಂಗಳವರೆಗೆ ಗೋದಾಮು ಕಟ್ಟಲು ಅದೇ ವಾಹನದಲ್ಲಿ ಜಂಬಿಟ್ಟಿಗೆ ಕಲ್ಲು ಸಾಗಿಸಲಾಗಿತ್ತು. ಕ್ವಾರಿಯ ಮಣ್ಣುರಸ್ತೆ, ಬೇಸಿಗೆಯ ಕೆಂಪು ಧೂಳು. ಆಯಿಲ್ ಬಿಲ್ಲುಗಳು ಏರತೊಡಗಿದ್ದು ಜುಲೈಯಿಂದ. ಇದಕ್ಕಿಂತ ಮುಖ್ಯವಾದುದು ಕಡತದಲ್ಲಿ ಇಲ್ಲದಿದ್ದ ಒಂದು ಬಿಲ್ಲು. ಇಪ್ಪತ್ತು ತಿಂಗಳುಗಳಲ್ಲಿ ಒಮ್ಮೆಯೂ ಏರ್ ಫಿಲ್ಟರ್ ಖರೀದಿಸಿರಲಿಲ್ಲ. ಬಿಚ್ಚಿ ನೋಡಿದಾಗ ಫಿಲ್ಟರ್ ಹರಿದಿತ್ತು. ಅದರ ಮುಂದಿನ ರಬ್ಬರ್ ಪೈಪ್ ಸೀಳಿದ್ದು, ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಲಾಗಿತ್ತು. ಧೂಳು ನೇರವಾಗಿ ಎಂಜಿನ್ನಿಗೆ ಹೋಗಿ ಉಪ್ಪುಕಾಗದದಂತೆ ಲೈನರನ್ನು ತಿಕ್ಕಿತ್ತು. ಯಾರು ಕಟ್ಟಿದ್ದೆಂದು ಕೇಳಿದಾಗ ಚಾಲಕನು ತಲೆ ತಗ್ಗಿಸಿ, “ಪೈಪು, ಫಿಲ್ಟರು ಎರಡೂ ಹಾಕಿಸ್ಬೇಕು ಅಂತ ಆಗಲೇ ಹೇಳಿದ್ದೆ ಯಜಮಾನ್ರೇ. ಕಲ್ಲಿನ ಕೆಲಸ ಮುಗೀಲಿ, ಆಮೇಲೆ ನೋಡೋಣ ಅಂದಿದ್ರಿ” ಎಂದನು. ಯಜಮಾನರಿಗೆ ಅದು ನೆನಪಾಯಿತು. ಕೆಲವು ನೂರು ರೂಪಾಯಿಗಳ ಉಳಿತಾಯವು ಎಂಜಿನ್ ಕೆಲಸದವರೆಗೆ ತಂದು ನಿಲ್ಲಿಸಿತ್ತು.

ಮುರಿದುಕೊಂಡ ಸಂಬಳವನ್ನು ಅಂದೇ ನನ್ನ ಕಚೇರಿಯಲ್ಲಿ ಚಾಲಕನ ಕೈಗೆ ಕೊಡಲಾಯಿತು. ಕೊಟ್ಟದ್ದು ಹಣ ಮಾತ್ರ. ಹದಿಮೂರು ವರ್ಷ ದುಡಿದವನನ್ನು ಆರು ತಿಂಗಳು ಕಳ್ಳನೆಂದು ನೋಡಿದ್ದಕ್ಕೆ ಯಾವ ಖಾತೆಯಲ್ಲಿ ಜಮಾ ಮಾಡಬೇಕೆಂಬುದು ನನಗೂ ತಿಳಿಯಲಿಲ್ಲ.

ದುರಸ್ತಿಯೋ, ಆಯಿಲ್ ಸೇರಿಸುತ್ತ ಓಡಿಸುವುದೋ?

ಇದು ಭಾವನೆಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಆಯಿಲ್ ಲೀಟರಿಗೆ 400 ರೂ., ಡೀಸೆಲ್ ಲೀಟರಿಗೆ 90 ರೂ., ತಿಂಗಳಿಗೆ 3,000 ಕಿ.ಮೀ. ಓಡಾಟ, ಎಂಜಿನ್ ಕೆಲಸಕ್ಕೆ ತೆರಿಗೆ ಸೇರಿ 70,000 ರೂ. ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು.

ಮೊದಲ ಸ್ಥಿತಿ: 500 ಕಿ.ಮೀ.ಗೆ 0.8 ಲೀಟರ್. ತಿಂಗಳಿಗೆ 4.8 ಲೀಟರ್. ಸಹಜವಾದ ಅರ್ಧ ಲೀಟರ್ ಕಳೆದರೆ ಹೆಚ್ಚುವರಿ 4.3 ಲೀಟರ್, ಅಂದರೆ 1,720 ರೂ. ಲೀಟರಿಗೆ 13 ಕಿ.ಮೀ. ಕೊಡುತ್ತಿದ್ದ ವಾಹನ 11.9ಕ್ಕೆ ಇಳಿದಿದ್ದರೆ ತಿಂಗಳಿಗೆ ಸುಮಾರು 21.3 ಲೀಟರ್ ಡೀಸೆಲ್ ಹೆಚ್ಚು, ಅಂದರೆ ಸುಮಾರು 1,920 ರೂ. ಒಟ್ಟು ತಿಂಗಳಿಗೆ 3,640 ರೂ., ವರ್ಷಕ್ಕೆ 43,680 ರೂ. ಎಂಜಿನ್ ಕೆಲಸದ ವೆಚ್ಚ ಸುಮಾರು 19 ತಿಂಗಳಲ್ಲಿ ಮರಳುತ್ತದೆ. ಮುಖ್ಯ ನಷ್ಟವು ಆಯಿಲ್ಲಿನದಕ್ಕಿಂತ ಡೀಸೆಲ್ಲಿನದು ಎಂಬುದನ್ನು ಗಮನಿಸಿರಿ. ಇಲ್ಲಿ ದುರಸ್ತಿ ಮಾಡಿಸುವುದೇ ಸರಿ.

ಎರಡನೆಯ ಸ್ಥಿತಿ: 2,500 ಕಿ.ಮೀ.ಗೆ 1 ಲೀಟರ್, ಮೈಲೇಜ್ ಇಳಿದಿಲ್ಲ, ಹೊಗೆ ಇಲ್ಲ. ತಿಂಗಳಿಗೆ 1.2 ಲೀಟರ್. ಹೆಚ್ಚುವರಿ 0.7 ಲೀಟರ್, 280 ರೂ. ಇದಕ್ಕಾಗಿ 70,000 ರೂ. ಹಾಕಿದರೆ ಮರಳಲು 250 ತಿಂಗಳು ಬೇಕು. ಇಲ್ಲಿ ಡಿಪ್‌ಸ್ಟಿಕ್ ನೋಡುತ್ತ, ಅಗ್ಗದ ದೋಷಗಳನ್ನು ಸರಿಪಡಿಸಿಕೊಂಡು, ಆಯಿಲ್ ಸೇರಿಸುತ್ತ ಓಡಿಸುವುದೇ ಲಾಭ.

ಆದರೆ ಲೆಕ್ಕಕ್ಕೆ ಸಿಗದ ಒಂದು ಅಂಶವಿದೆ. ಮಟ್ಟ ಕೆಳಗಿಳಿದ ಆಯಿಲ್‌ನೊಡನೆ ಘಾಟಿಯಲ್ಲಿ ಬೇರಿಂಗ್ ಹಿಡಿದು ಎಂಜಿನ್ ನಿಂತರೆ, ಬ್ರೇಕಿನ ವ್ಯಾಕ್ಯೂಮ್ ನೆರವೂ ಹೆಚ್ಚು ಹೊತ್ತು ಉಳಿಯುವುದಿಲ್ಲ. ಹೊರೆ ಹೊತ್ತ ವಾಹನ, ಮಳೆ, ಆಗುಂಬೆಯ ತಿರುವು. ಅಲ್ಲಿ ಪಣಕ್ಕಿರುವುದು ಎಪ್ಪತ್ತು ಸಾವಿರ ರೂಪಾಯಿಯಲ್ಲ.

ತೆರಿಗೆ ಮತ್ತು ವಿಮೆಯ ದೃಷ್ಟಿ

1. ಸರಕು ಸಾಗಣೆ ವಾಹನದ ದುರಸ್ತಿ ಮತ್ತು ಆಯಿಲ್ ಮೇಲೆ ಕೊಟ್ಟ ಶೇ. 18 ಜಿ.ಎಸ್.ಟಿ.ಯನ್ನು ತೆರಿಗೆಗೆ ಒಳಪಟ್ಟ ಸರಕಿನ ನೋಂದಾಯಿತ ವ್ಯಾಪಾರಿಯು ಹುಟ್ಟುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಇರಲೇಬೇಕು. ಮೇಲಿನ 70,000ದಲ್ಲಿ ತೆರಿಗೆ ಸುಮಾರು 10,678 ರೂ. ಇದನ್ನೂ ಆಯಿಲ್ ಮೇಲಿನ ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಣ ಮರಳುವ ಅವಧಿ ಹದಿನೇಳೂವರೆ ತಿಂಗಳಿಗೆ ಇಳಿಯುತ್ತದೆ. ಕಾಂಪೊಸಿಷನ್ ಪದ್ಧತಿಯವರಿಗೂ ತೆರಿಗೆಮುಕ್ತ ಸರಕನ್ನು ಮಾತ್ರ ಮಾರುವವರಿಗೂ ಈ ಜಮೆ ಇಲ್ಲ.

2. ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. ಗ್ಯಾರೇಜಿನ ಹಣವನ್ನು ಬ್ಯಾಂಕ್ ಮೂಲಕವೇ ಕೊಡತಕ್ಕದ್ದು.

3. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದೆ, ಬಾಡಿಗೆ ಓಡಿಸುವುದನ್ನೇ ವೃತ್ತಿಯಾಗಿಸಿಕೊಂಡು ಅಂದಾಜು ಆದಾಯ ಪದ್ಧತಿ ಆಯ್ದವರಿಗೆ ದುರಸ್ತಿಯ ವೆಚ್ಚ ಪ್ರತ್ಯೇಕವಾಗಿ ಕಳೆಯಲು ಸಿಗುವುದಿಲ್ಲ. ಅವರಿಗೆ ವ್ಯರ್ಥವಾದ ಪ್ರತಿ ರೂಪಾಯಿಯೂ ಪೂರ್ಣ ನಷ್ಟವೇ.

4. ಸವೆತ ಮತ್ತು ಯಾಂತ್ರಿಕ ದೋಷ ಸಾಮಾನ್ಯ ಮೋಟಾರು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಎಂಜಿನ್ ಹಿಡಿದ ಮೇಲೆ ವಿಮೆ ಇದೆಯೆಂದು ನಂಬಿ ಕೂರಬಾರದು.

ಪಾಲಿಸಬೇಕಾದ ಕ್ರಮಗಳು

1. ವಾಹನಕ್ಕೊಂದು ಪುಸ್ತಕ ಇರಲಿ: ದಿನಾಂಕ, ಕಿಲೋಮೀಟರ್, ಡೀಸೆಲ್, ಸರ್ವಿಸಿನಲ್ಲಿ ಬದಲಿಸಿದ ಆಯಿಲ್, ನಡುವೆ ಸೇರಿಸಿದ ಆಯಿಲ್, ಏರ್ ಫಿಲ್ಟರ್. ಬದಲಿಸಿದ್ದು ಮತ್ತು ಸೇರಿಸಿದ್ದು ಎರಡೂ ಬೇರೆ ಬೇರೆ ಅಂಕಣದಲ್ಲಿರಬೇಕು.

2. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವುದು, ಅಡಿಕೆ ಸುಗ್ಗಿಯಲ್ಲಿ ಪ್ರತಿದಿನ ನೋಡುವುದು.

3. ಕ್ವಾರಿ, ಮಣ್ಣುರಸ್ತೆಯ ಕೆಲಸವಿದ್ದಾಗ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮೊದಲೇ ಪರೀಕ್ಷಿಸುವುದು, ಸೀಳಿದ ಪೈಪನ್ನು ಅಂದೇ ಬದಲಿಸುವುದು.

4. ಘಾಟಿ ಹತ್ತಿ ಬಂದ ಟರ್ಬೊ ಎಂಜಿನ್ನನ್ನು ಒಂದೆರಡು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ನಿಲ್ಲಿಸುವುದು. ಆದರೆ ಗಂಟೆಗಟ್ಟಲೆ ಸುಮ್ಮನೆ ಚಾಲೂ ಇಡುವುದು ಲೈನರಿಗೆ ಹಾನಿಕರ. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಎಂಜಿನ್ ನಿಲ್ಲಿಸದೆ ಕಾಯುವ ಪ್ರಸಂಗ 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ತಪ್ಪಿದೆ. ಮಂಡಿಯ ಮುಂದಿನ ಸಾಲಿನಲ್ಲಿ ಅದೇ ಅಭ್ಯಾಸ ಇನ್ನೂ ಉಳಿದಿದೆ.

5. ಹೊರೆ ಮಿತಿ ಮೀರಬಾರದು. ಎಂಜಿನ್ ಸವೆತವಲ್ಲದೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅತಿಭಾರಕ್ಕೆ 20,000 ರೂ. ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂ. ದಂಡವಿದೆ.

6. ಆಯಿಲ್ಲನ್ನು ಬಿಲ್ ಸಹಿತ, ಸೀಲ್ ನೋಡಿ ಕೊಳ್ಳುವುದು. ಖಾಲಿ ಡಬ್ಬಕ್ಕೆ ತೂತು ಮಾಡಿಯೇ ಎಸೆಯುವುದು. ಹೊಗೆ ಮರೆಮಾಡಲು ದಪ್ಪ ಆಯಿಲ್ ಸುರಿಯುವುದು ಔಷಧವಲ್ಲ. ಹಳೆಯ ವಾಹನ ಕೊಳ್ಳುವವರು ಈ ಉಪಾಯಕ್ಕೆ ಬಲಿಯಾಗದಂತೆ, ತಣ್ಣಗಿರುವ ಎಂಜಿನ್ನನ್ನು ತಮ್ಮೆದುರೇ ಚಾಲೂ ಮಾಡಿಸಬೇಕು.

7. ಹೊರತೆಗೆದ ಹಳೆಯ ಆಯಿಲ್ ಕಾನೂನಿನಂತೆ ಅಪಾಯಕಾರಿ ತ್ಯಾಜ್ಯ. ಅದನ್ನು ಹಳ್ಳಕ್ಕೆ ಬಿಡದೆ, ಬೇಲಿಯ ಗೂಟಕ್ಕೆ ಬಳಿಯದೆ, ಅಧಿಕೃತ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿನಲ್ಲಿಯೇ ಬಿಡುವುದು.

ಮೇಲಿನ ವ್ಯಾಪಾರಿಯು ಎಂಜಿನ್ ಕೆಲಸ ಮಾಡಿಸಿ, ಅಂದಿನಿಂದ ಈ ಪುಸ್ತಕವನ್ನು ಇಡುತ್ತ ಬಂದಿದ್ದಾರೆ. ಅದನ್ನು ಬರೆಯುವವನು ಅದೇ ಚಾಲಕ. ತಿಂಗಳ ಕೊನೆಗೆ ಇಬ್ಬರೂ ಸಹಿ ಹಾಕುತ್ತಾರೆ. ಸದಸ್ಯ ಬಂಧುಗಳು ಈ ತಿಂಗಳಿನಿಂದಲೇ ತಮ್ಮ ವಾಹನಕ್ಕೂ ಅಂತಹ ಒಂದು ಪುಸ್ತಕವನ್ನು ತೆರೆಯಲಿ ಎಂಬುದು ನನ್ನ ವಿನಂತಿ.